ಎರಡನೇ ಗಿಟಾರ್

ಮಾಲೂರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವ ಮುನಿಲಕ್ಷ್ಮಿಗೆ ಮೂವತ್ತೊಂದು ವರ್ಷ. ಹುಟ್ಟಿದ್ದು ದೇವರಾಯಸಮುದ್ರದಲ್ಲಿ. ಕೋಲಾರದ ಹಾಸ್ಟೆಲಿನಲ್ಲಿದ್ದಾಗ ಕೆಜಿಎಫ್‌ನಿಂದ ಬಂದಿದ್ದ ರೂಮ್‌ಮೇಟ್ ಒಬ್ಬಳ ಬಳಿ ಗಿಟಾರ್ ಇತ್ತು. ಎರಡು ವರ್ಷ ಅದರಲ್ಲೇ ಕಲಿತಳು. ಮದುವೆಯಾದ ಮೇಲೆ ಗಂಡನ ಹಳೇ ಗಿಟಾರ್ ನುಡಿಸುತ್ತಾಳೆ, ಮನೆಯಲ್ಲಿ ಯಾರಿಗೂ ಏನೂ ಬೇಕಾಗಿಲ್ಲದ ಹೊತ್ತಿನಲ್ಲಿ.

ಗಂಡ ಕದಿರೇಶ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸಗಾರ. ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. ಗಣೇಶನ ಪೆಂಡಾಲ್ ಮುಂದೆ ಡ್ರಮ್ಸ್ ಮತ್ತು ಜನರೇಟರ್ ಸದ್ದನ್ನು ಮೀರಿ ಕೇಳಿಸಬೇಕಾದರೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲಿನ ಗೇನ್ ನಾಬನ್ನು ಕೊನೆಯವರೆಗೂ ತಿರುಗಿಸಬೇಕು. ಆಗ ತಂತಿಯ ಸದ್ದು ಒಡೆದು ಗರಗರ ಅಂದು ಮೈದಾನ ತುಂಬುತ್ತದೆ. ಹನ್ನೆರಡು ವರ್ಷದಿಂದ ಅವನು ಹಾಗೇ ನುಡಿಸಿದ್ದಾನೆ.

ಈ ಸಲ ನುಡಿಸಬೇಕಾಗಿದ್ದು ಮನೆಯಲ್ಲಿ. ಮುನಿಲಕ್ಷ್ಮಿ ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದ ಅವಳದೇ ಒಂದು ರಾಗವನ್ನು ಬೆಂಗಳೂರಿನ ಕಿರುಚಿತ್ರ ತಂಡವೊಂದು ಕೇಳಿಸಿಕೊಂಡು, ಅದನ್ನು ಮೂರು ನಿಮಿಷಕ್ಕೆ ಬೆಳೆಸಿ ಕಳಿಸಲು ಹೇಳಿತ್ತು. ಕೆಳಗೆ ಒರಟು ಡಿಸ್ಟಾರ್ಷನ್ ಗಿಟಾರ್ ಇರಬೇಕು, ಮೇಲೆ ಅವಳ ರಾಗ. ರಾಗಿ ಚೀಲ, ಹಾಸಿಗೆ ಇಡುವ ಕೋಣೆಯಲ್ಲಿ ಸದ್ದು ಮಾರ್ದನಿಸುವುದಿಲ್ಲ. ಸಣ್ಣ ಸ್ಪೀಕರ್ ಮುಂದೆ ಮೈಕ್ ನಿಲ್ಲಿಸಿ ಅಲ್ಲೇ ರೆಕಾರ್ಡಿಂಗ್ ಮಾಡಿದರು.

ಕದಿರೇಶ ಎರಡು ಗಂಟೆ ಕೂತು ಒಂದೇ ಭಾಗವನ್ನು ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಪೇರಿಸಿದ. ನಾಲ್ಕಕ್ಕೂ ಗೇನ್ ಫುಲ್. ಅಷ್ಟರಲ್ಲಿ ಎರಡು ಸಲ ಟೀ ಒಳಗೆ ಹೋಯಿತು, ಯಾರೂ ಅವನನ್ನು ಹೊರಗೆ ಕರೆಯಲಿಲ್ಲ. ಮುನಿಲಕ್ಷ್ಮಿ ನುಡಿಸಿದ್ದು ಬೇಳೆ ಬೇಯುವಷ್ಟರಲ್ಲಿ ಒಂದು ತುಂಡು, ಬಟ್ಟೆ ಒಣಹಾಕಿ ಬಂದು ಇನ್ನೊಂದು ತುಂಡು. ಒಟ್ಟು ಐದು ತುಂಡು; ಪ್ರತಿಯೊಂದರಲ್ಲೂ ಶ್ರುತಿ ಕೂದಲೆಳೆಯಷ್ಟು ಬೇರೆ.

ಎಲ್ಲಾ ಸೇರಿಸಿ ಕಳಿಸಿದ್ದಕ್ಕೆ ತಂಡದಿಂದ ಉತ್ತರ ಬಂತು. ರಾಗವೇ ಕೇಳುತ್ತಿಲ್ಲ, ಭಾನುವಾರ ಸಂಜೆ ಆರರೊಳಗೆ ಸರಿಮಾಡಿ ಕಳಿಸಿ, ಇಲ್ಲದಿದ್ದರೆ ಬೇರೆಯವರದು ತೆಗೆದುಕೊಳ್ಳುತ್ತೇವೆ.

"ನಿನ್ ವಾಲ್ಯೂಮ್ ಜಾಸ್ತಿ ಮಾಡ್ಕೊಳೇ," ಅಂದ ಕದಿರೇಶ.

"ಮಾಡ್ದೆ. ಎರಡೂ ಸೇರಿ ಜಲ್ಲಿ ಮಿಷನ್ ಥರ ಆಯ್ತು. ನಿಮ್ದು ನಾಲ್ಕು ಬೇಡ ಕಣ್ರೀ, ಎರಡು ಸಾಕು. ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಗೇನ್ ಅರ್ಧ ಮಾಡಿ. ನಾನು ಮೇಲಿನ ಸ್ವರಕ್ಕೆ ಹೋಗ್ತೀನಿ. ಒಂದೇ ಜಾಗದಲ್ಲಿ ಇಬ್ರೂ ಗುದ್ದಾಡೋದು ತಪ್ಪುತ್ತೆ."

"ಗೇನ್ ಅರ್ಧನಾ? ಸೊಳ್ಳೆ ಕೂಗಿದಂಗಿರ್ತದೆ."

"ಇಲ್ಲಿ ಜನರೇಟರ್ ಇಲ್ವಲ್ಲ."

"ನೋಡಮ್ಮ, ಗಣಿತದ ಟೀಚರು ನಂಗೆ ಗಿಟಾರ್ ಪಾಠ ಮಾಡ್ತಾಳೆ," ಎಂದು ತಾಯಿ ಮುತ್ಯಾಲಮ್ಮನಿಗೆ ಹೇಳಿ ನಕ್ಕ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಹೊಸ ಗಿಟಾರ್, ಹೊಸ ಪೆಡಲ್ ಹಿಡಿದು ಶ್ರೀನಿವಾಸಪುರದ ಮದುವೆಯಲ್ಲಿ ನುಡಿಸಲು ಹೊರಟುಹೋದ. ಮುನಿಲಕ್ಷ್ಮಿ ಅಡುಗೆಮನೆಗೆ ಬಂದಳು.

"ಅತ್ತೇ, ಹನ್ನೆರಡರವರೆಗೂ ನನ್ನ ಕರೀಬೇಡಿ. ಕುಕ್ಕರೂ ಬೇಡ, ವಿಷಲ್ ಮೈಕಿಗೆ ಹೋಗುತ್ತೆ."

"ಮೂರು ಗಂಟೇನಾ? ಅಯ್ಯೋ ತಲ್ಲಿ, ಹೆರಿಗೇಲೂ ಇಷ್ಟೊತ್ತು ಬಾಗಿಲು ಹಾಕ್ಕೊಂಡಿರಲಿಲ್ಲ ನಾನು! ಮುದ್ದೆ ಯಾರು ಮಾಡೋದು?"

"ನೀವು."

ಸೊಸೆ ಬಂದ ಮೇಲೆ ಮುತ್ಯಾಲಮ್ಮ ಮುದ್ದೆ ಕೋಲು ಮುಟ್ಟಿರಲಿಲ್ಲ. ಈಗ ಅದನ್ನು ಕೈಗೆ ತೆಗೆದುಕೊಂಡಳು. "ಸರಿ ಪೋ. ಗಂಟಾದ್ರೆ ಸುಮ್ನೆ ತಿನ್ಬೇಕು," ಅಂದಳು, ತೆಲುಗು ಬೆರೆತ ತನ್ನ ಕನ್ನಡದಲ್ಲಿ.

ಮುನಿಲಕ್ಷ್ಮಿ ಕೋಣೆಯ ಚಿಲಕ ಹಾಕಿದಳು. ಗಂಡ ನುಡಿಸಿದ್ದನ್ನು ಮೊದಲು ತಗ್ಗಿಸಿ ನೋಡಿದಳು. ಪ್ರಯೋಜನವಾಗಲಿಲ್ಲ, ಮೈಕಿಗೆ ಬಿದ್ದ ಗರಗರ ಆಮೇಲೆ ಹೋಗುವುದಿಲ್ಲ. ನಾಲ್ಕನ್ನೂ ತೆಗೆದು ಪಕ್ಕಕ್ಕಿಟ್ಟಳು. ಹಳೇ ಪೆಡಲಿನ ಗೇನ್ ಅರ್ಧಕ್ಕೆ ಇಳಿಸಿ, ಅವನ ಭಾಗವನ್ನೇ ತಾನು ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಇಟ್ಟಳು. ಕಡಿಮೆ ಗೇನಿನಲ್ಲಿ ಬೆರಳಿನ ತಪ್ಪು ಬಚ್ಚಿಟ್ಟುಕೊಳ್ಳುವುದಿಲ್ಲ, ಏಳು ಸಲ ಅಳಿಸಬೇಕಾಯಿತು. ಆಮೇಲೆ ಡಿಸ್ಟಾರ್ಷನ್ ಇನ್ನೂ ಕಡಿಮೆ ಮಾಡಿ, ಮೇಲಿನ ಸ್ವರಗಳಲ್ಲಿ ರಾಗವನ್ನು ಒಂದೇ ಓಟಕ್ಕೆ ನುಡಿಸಿ ನಡುವೆ ಇಟ್ಟಳು. ಒಂದೇ ಓಟಕ್ಕೆ ಅದನ್ನು ನುಡಿಸಿದ್ದು ಅದೇ ಮೊದಲು.

ಕದಿರೇಶ ಐದು ಗಂಟೆಗೆ ಬಂದು ಹೆಡ್‌ಫೋನ್ ಹಾಕಿಕೊಂಡ. ಅರ್ಧ ಕೇಳುವಷ್ಟರಲ್ಲಿ ತೊಡೆ ತಟ್ಟಿದ.

"ನೋಡ್ದೇನೇ, ನಾನು ಹೊಡೆದಿದ್ದು ಹೆಂಗೆ ನಿಂತೈತೆ! ನೀನು ಸುಮ್ನೆ ತಪ್ಪು ಹುಡುಕ್ತಿದ್ದೆ."

"ಅದು ನೀವು ಹೊಡೆದಿದ್ದಲ್ಲ. ನಿಮ್ಮ ನಾಲ್ಕೂ ತೆಗೆದಿದೀನಿ."

"ಎಡಗಡೇದು?"

"ನಾನು."

"ಬಲಗಡೇದು?"

"ಅದೂ."

ಅವನು ಹೆಡ್‌ಫೋನ್ ತೆಗೆಯಲಿಲ್ಲ. "ಒಂದಾದ್ರೂ ನಂದು ಇಡೇ," ಅಂದ, ದನಿ ತಗ್ಗಿಸಿ.

ಮುನಿಲಕ್ಷ್ಮಿ ಅವನ ಪಕ್ಕದಲ್ಲಿ ಕೂತಳು. ಅವನ ನಾಲ್ಕರಲ್ಲಿ ಒಂದನ್ನು ತಂದು ಅಡಿಯಲ್ಲಿ ಸೇರಿಸಿ, ಮೊದಲಿನಿಂದ ಕೇಳಿಸಿದಳು. ಇಪ್ಪತ್ತು ಸೆಕೆಂಡಿಗೆ ಅವನ ಹುಬ್ಬು ಗಂಟಿಕ್ಕಿತು. ರಾಗ ಬರುವ ಜಾಗದಲ್ಲಿ ಅವನು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ರಾಗ ಕೇಳಿಸಲಿಲ್ಲ. ಗಡಿಯಾರದಲ್ಲಿ ಐದೂ ನಲವತ್ತು.

"ತೆಗಿ," ಅಂದ.

ತೆಗೆದಳು. ನುಡಿಸಿದವರ ಹೆಸರು ಕೇಳಿದ್ದ ಜಾಗದಲ್ಲಿ 'ಎಲ್ಲಾ ಗಿಟಾರ್: ಮುನಿಲಕ್ಷ್ಮಿ' ಎಂದು ಬರೆದು, ಅವನು ಓದುತ್ತಿರುವಾಗಲೇ ಕಳಿಸಿದಳು. ಬುಧವಾರ, ಶಾಲೆಯ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ, ರಾಗವನ್ನು ತೆಗೆದುಕೊಂಡಿದ್ದೇವೆ ಎಂದು ಸಂದೇಶ ಬಂತು.