ಮಾವನ ತೋಟಕ್ಕೂ ಕೆಂಪು

ಬೆಳಗಿನ ಐದು ಗಂಟೆ. ತಮಿಳುನಾಡಿನ ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರರ ಸಂಘದ ಶೆಡ್ಡಿನಲ್ಲಿ ಮುತ್ತುಸೆಲ್ವಿ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದಾರೆ. ಪರದೆಯ ಮೇಲೆ ಸಂಘದ ಎಪ್ಪತ್ತು ತೋಟಗಳೂ ಇವೆ. ಹಸಿರಿದ್ದರೆ ಇವತ್ತು ಕೊಯ್ಯಬಹುದು. ಕೆಂಪಿದ್ದರೆ ಕತ್ತರಿ ಮುಟ್ಟುವಂತಿಲ್ಲ. ಯಾವ ತಂಡ ಎಲ್ಲಿಗೆ, ಯಾವ ವ್ಯಾನು ಯಾರ ಹಿಂದೆ, ಎಲ್ಲವೂ ಅದರಲ್ಲೇ. "ಮಾರಿಯಮ್ಮಾಳಕ್ಕಾ, ನಿಮ್ ಗುಂಪು ಕೆರೆ ಪಕ್ಕದ ತೋಟಕ್ಕೆ. ವ್ಯಾನ್ ಬಾಗ್ಲಲ್ಲೇ ನಿಂತದೆ, ಓಡಿ!" ಆ್ಯಪಿನ ಅಕ್ಷರ ತಮಿಳು, ಶೆಡ್ಡಿನ ಗದರಿಕೆ ಮಾತ್ರ ಮನೆಮಾತು ಕನ್ನಡದಲ್ಲಿ.

ಈ ಆ್ಯಪನ್ನು ಚೆನ್ನೈನಿಂದ ಯಾರೋ ಬಂದು ಮಾಡಿಕೊಟ್ಟದ್ದಲ್ಲ, ಈಕೆಯೇ ಕಟ್ಟಿದ್ದು. ಲೋ-ಕೋಡ್ ಅಂತಾರಲ್ಲ, ಕೋಡ್ ಬರೆಯುವ ಬದಲು ಸಿದ್ಧ ತುಂಡುಗಳನ್ನು ಎಳೆದು ಜೋಡಿಸುವುದು, ಅದು. ಪ್ಲಸ್ ಟು ಓದಿ, ಮದುವೆಯಾಗಿ ಬಂದು, ಇಲ್ಲಿ ತೂಕ ಹಾಕುತ್ತಿದ್ದವರು ಮಧ್ಯಾಹ್ನದ ಬಿಡುವಿನಲ್ಲಿ ವೀಡಿಯೊ ನೋಡಿ ಕಲಿತರು. ಮೊದಲ ದಿನ ಆ್ಯಪ್ ಎಲ್ಲ ತಂಡಗಳನ್ನೂ ಒಂದೇ ತೋಟಕ್ಕೆ ಅಟ್ಟಿತಂತೆ! "ಗೊಂಚಲಿಗಿಂತ ಜನ ಜಾಸ್ತಿ ಆಗೋದ್ರು. ಎಲ್ಲಾರ್ಗೂ ನಗು, ನಂಗೆ ಅಳು," ಎನ್ನುತ್ತಾರೆ.

ದಿನಾ ಸಂಜೆ ತಂಡದ ಮುಖ್ಯಸ್ಥರ ಸಭೆ ನಡೆಯುತ್ತದೆ, ಅದೂ ನಿಂತುಕೊಂಡೇ. ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿತು, ಅಷ್ಟೇ ಮಾತು. ಕುರ್ಚಿ ಯಾಕಿಲ್ಲ ಎಂದರೆ ಮುತ್ತುಸೆಲ್ವಿಯ ಉತ್ತರ, "ಕುಂತ್ರೆ ಊರ್ ಕತೆ ಶುರುವಾಯ್ತದೆ ಸಾರ್!"

ಕೆಂಪಿಗೆ ಕಾರಣವಿದೆ. ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಹಣ್ಣು ಕೊಯ್ಯಬಾರದು. ಒಂದು ತೋಟದ ಹಣ್ಣಿನಲ್ಲಿ ಔಷಧಿ ಸಿಕ್ಕರೂ ಕೊಳ್ಳುವವರು ಇಡೀ ಲಾರಿಯನ್ನೇ ತಿರುಗಿಸಿ ಕಳಿಸುತ್ತಾರೆ. ಈ ನಿಯಮಕ್ಕೆ ಸಂಘದ ಸಭೆಯಲ್ಲಿ ಮೊದಲು ಕೈ ಎತ್ತಿದವರು ಮುತ್ತುಸೆಲ್ವಿಯ ಮಾವ ಕರುಪ್ಪಸಾಮಿ. ತಪ್ಪಾಗಿ ಕೆಂಪಾದರೆ ಸರಿಪಡಿಸಲೆಂದು ಒಂದು ಬಟನ್ ಇತ್ತು, ಸೊಸೆಯ ಫೋನಿನಲ್ಲಿ ಮಾತ್ರ.

ಕಳೆದ ಹಂಗಾಮಿನಲ್ಲಿ ಒಂದು ದಿನ ಪಡುವಣ ಬೆಟ್ಟದ ಮೇಲೆ ಮೋಡ ಕಟ್ಟಿತು. ಮಾಗಿದ ದ್ರಾಕ್ಷಿಗೆ ಮಳೆ ಬಿದ್ದರೆ ಹಣ್ಣು ಬಿರಿದುಹೋಗುತ್ತದೆ. ಮಾವನ ತೋಟ ಇನ್ನೂ ನಾಲ್ಕು ದಿನ ಕೆಂಪು. ಅವರು ಶೆಡ್ಡಿಗೆ ಬಂದು ಎಲ್ಲರೆದುರೇ ಕೇಳಿದರು: "ಏ ತಾಯಿ, ಮಳೆ ಬತ್ತದೆ. ಒಂದು ದಪ ಒತ್ತಿಬಿಡು, ಅವ್ಳೋದಾನ್, ಅಷ್ಟೇ."

"ಆಗಾದಿಲ್ಲ ಮಾಮಾ. ನಿಮ್ಗೆ ಒತ್ತಿದ್ರೆ ನಾಳೆ ಎಲ್ಲಾರ್ಗೂ ಒತ್ತಬೇಕು."

ಸಂಜೆ ಮಳೆ ಬಂತು. ಅರ್ಧ ತೋಟ ಹಾಳು. ಎಂಥ ಸಂಕಟ ನೋಡಿ! ಆಮೇಲೆ ಒಂದು ತಿಂಗಳು ಕರುಪ್ಪಸಾಮಿ ಸೊಸೆ ಬಡಿಸಿದ ಅನ್ನ ಮುಟ್ಟಲಿಲ್ಲ. ಅತ್ತೆ ಪಿಚ್ಚೈಯಮ್ಮಾಳ್ ಬಡಿಸಿದರಷ್ಟೇ ಊಟ.

ಈಗ ಮಾವನನ್ನು ಕೇಳಿದರೆ ಮೀಸೆ ತಿರುವುತ್ತಾರೆ. "ಕೋಪ ಇನ್ನೂ ಅದೆ, ಇಲ್ಲಾ ಅನ್ನಲ್ಲ. ಆದ್ರೆ ನಮ್ ಶೆಡ್ ಹಣ್ಣು ಅಂದ್ರೆ ಈಗ ಯಾರೂ ಮರುಮಾತಾಡಲ್ಲ. ಅದು ಮಾಡಿದ್ದು ನಮ್ಮನೆ ಕೂಸು."

ಕಷ್ಟಪಟ್ಟು ಕಲಿತದ್ದಕ್ಕಿಂತ ಈ ಗಟ್ಟಿತನವೇ ನನಗೆ ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳಿದೆ. ಮುತ್ತುಸೆಲ್ವಿ ನಕ್ಕು ಫೋನ್ ಚಾಚುತ್ತಾರೆ. ಆ ಬಟನ್ ಅದರಲ್ಲಿಲ್ಲ. ಈಗ ಕೆಂಪು ಬದಲಾಗಬೇಕಾದರೆ ಸಂಘದ ಮೂವರು ಒಟ್ಟಿಗೆ ಒಪ್ಪಬೇಕು, ಆ ಮೂವರಲ್ಲಿ ಈಕೆ ಇಲ್ಲ.

"ಗಟ್ಟಿ ಮನಸ್ಸಾ, ನಂಗಾ? ಮಾಮಾ ತಲೆ ತಗ್ಗಿಸ್ಕಂಡು ಹೋಗ್ತಿದ್ರಲ್ಲ, ಅವಾಗ ನನ್ ಬೆರಳು ಬಟನ್ ಮೇಲೇ ಇತ್ತು ಸಾರ್. ಇನ್ನೊಂದು ದಪ ಬಂದು ನಿಂತ್ರೆ ಖಂಡಿತ ಒತ್ತಿಬಿಡ್ತೀನಿ ಅನ್ನುಸ್ತು. ಅದುಕ್ಕೇ ತೆಗೆದಾಕಿದೆ."