ನೀಲಪ್ಪ ಮಾರಿದ ಅಳು

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿರುವ ಎರಡಂತಸ್ತಿನ ಮನೆ ತೋರಿಸಿ ಜನ ಈಗಲೂ “ಕ್ಯಾಸೆಟ್ ನೀಲಪ್ಪನ ನಸೀಬು ನೋಡ್ರಿ” ಎನ್ನುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಸೀಬಂತೆ, ನಸೀಬು! ಆ ಮನೆ ಹೇಗೆ ಎದ್ದಿತು ಅಂತ ನನಗೆ ಗೊತ್ತು. ನೀಲಪ್ಪನ ಕ್ಯಾಸೆಟ್ಟುಗಳ ಡಬ್ಬಿಯೊಳಗೆ ಇಡುವ ಬಣ್ಣದ ಚೀಟಿಗಳನ್ನು ಅಚ್ಚು ಹಾಕಿಕೊಟ್ಟವನು ನಾನು, ಪ್ರೆಸ್ಸಿನ ಅಂದಪ್ಪ. ಅವನ ಪಾಪದಲ್ಲಿ ನನಗೂ ಪಾಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀಲಪ್ಪ ಎಪ್ಪತ್ನಾಲ್ಕರಲ್ಲಿ ಬರೀ ಮೈಕ್ ಸೆಟ್ಟಿನವನು. ಸೈಕಲ್ಲಿನ ಹಿಂದೆ ಭೋಂಗಾ ಕಟ್ಟಿಕೊಂಡು ಮದುವೆ ಮನೆಗಳಿಗೆ ಹೋಗಿ ಹಾಡಿನ ಪ್ಲೇಟು ಹಾಕುತ್ತಿದ್ದ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ತಾಯವ್ವ ಕಾಯಿಲೆಯವಳು. ಅವನನ್ನು ಸಾಕಿದ್ದು ಅಕ್ಕ ಮರೆವ್ವ, ಅವನಿಗಿಂತ ಹತ್ತು ವರ್ಷ ದೊಡ್ಡವಳು. ಕೂಲಿ ಮಾಡಿ ಸಾಕಿದಳು, ಕಮತಗಿಗೆ ಮದುವೆಯಾಗಿ ಹೋದ ಮೇಲೂ ತವರಿನ ಬೆಳ್ಳಿ ಕಾಲ್ಗಡಗ ಮಾರಿ ತಮ್ಮನಿಗೆ ಆಂಪ್ಲಿಫೈಯರ್ ಕೊಡಿಸಿದಳು. “ಅಕ್ಕ ಅಂದ್ರ ನನಗ ಎರಡನೇ ಅವ್ವ” ಅಂತ ಅವನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳಲ್ಲ, ಖರೆ ಖರೆ ಹಾಗೇ ಇದ್ದ.

ಅವನ ಕಿವಿ ಮಾತ್ರ ದೇವರು ಕೊಟ್ಟದ್ದು. ಯಾವ ಹಾಡು ಬಂದರೆ ಉಣ್ಣುವವರು ತುತ್ತು ಕೈಯಲ್ಲೇ ಹಿಡಿದು ತಲೆಯೆತ್ತುತ್ತಾರೆ ಅಂತ ನೋಡಿ ನೋಡಿ ತಿಳಿದುಕೊಂಡಿದ್ದ. ಎಂಬತ್ತೊಂದರಲ್ಲಿ ಮುಂಬೈಯಿಂದ ಹೆಗಲಿಗೆ ಹಾಕಿಕೊಳ್ಳುವ ಟೇಪ್ ರೆಕಾರ್ಡರ್ ತಂದ, ಜೊತೆಗೆ ಕಾಪಿ ತೆಗೆಯುವ ಯಂತ್ರ. ಮನೆಯ ಒಂದು ಕೋಣೆಯ ಗೋಡೆಗೆಲ್ಲ ಕೌದಿ ಬಡಿದು ಸ್ಟುಡಿಯೋ ಅಂದ. ಓಣಿಯ ಮಗ್ಗದ ಸದ್ದು ಒಳಗೆ ಬರುತ್ತದೆಂದು ನೇಕಾರರು ಮಗ್ಗ ನಿಲ್ಲಿಸುವ ಅಮಾವಾಸ್ಯೆಗೆ ಕಾದು ಗೀಗೀ ಮೇಳದವರನ್ನು ಕರೆಸುತ್ತಿದ್ದ. ಭಜನೆ ಪದ, ಡೊಳ್ಳಿನ ಪದ, ಎಲ್ಲ ಟೇಪಿನಲ್ಲಿ ಹಿಡಿದ. ಸುಮಾರಾಗಿ ಮಾರಾಟವಾಗುತ್ತಿತ್ತು. ಹೊಟ್ಟೆ ತುಂಬುತ್ತಿತ್ತು, ಅಷ್ಟೇ.

ಎಂಬತ್ನಾಲ್ಕರ ಮುಂಗಾರಿನಲ್ಲಿ ಮರೆವ್ವನ ಒಬ್ಬನೇ ಮಗ ಭರಮ, ಆರು ವರ್ಷದ ಕೂಸು, ವಾಂತಿಭೇದಿ ಹಚ್ಚಿಕೊಂಡು ಮಲಗಿತು. ಗಂಡ ಊರಲ್ಲಿರಲಿಲ್ಲ. ಬಂಡಿ ಇದ್ದದ್ದು ಗಂಡನ ಅಣ್ಣ ಹುಲ್ಲಪ್ಪನ ಹತ್ತಿರ. ಬಾಗಲಕೋಟೆಯ ದವಾಖಾನೆಗೆ ಒಯ್ಯಬೇಕು, ಬಂಡಿ ಕೊಡು ಅಂತ ಮರೆವ್ವ ಹೊಲಕ್ಕೇ ಓಡಿದಳು. ಬಿತ್ತಿಗೆಯ ಹದ ಹೋಗುತ್ತಿತ್ತು. “ಎತ್ತು ದಣದಾವ, ಇದೊಂದು ಪಟ್ಟಿ ಮುಗಿಸಿ ಹೊಡಕೊಂಡ ಬರ್ತೇನಿ ತಡಿ” ಅಂದ ಹುಲ್ಲಪ್ಪ. ಕೆಟ್ಟವನಲ್ಲ ಅವನು, ಇಷ್ಟಾಗುತ್ತದೆಂದು ಅವನಿಗೆ ತಿಳಿಯಲಿಲ್ಲ. ಬಂಡಿ ಬರುವಷ್ಟರಲ್ಲಿ ಹುಡುಗ ಹೋಗಿದ್ದ.

ನೀಲಪ್ಪ ಆ ದಿನ ಹುನಗುಂದದಲ್ಲಿ ಭಜನೆ ಹಿಡಿಯುತ್ತಿದ್ದ. ಸುದ್ದಿ ಮುಟ್ಟಿದ ಕೂಡಲೇ ಹೆಗಲ ಮೇಲಿನ ಟೇಪಿನ ಪೆಟ್ಟಿಗೆ ಸಮೇತ ಬಸ್ಸು ಹತ್ತಿ ಕಮತಗಿಗೆ ಬಂದ. ನಾನೂ ಇಳಕಲ್ಲಿನಿಂದ ಹೋಗಿದ್ದೆ.

ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ತಲೆದೆಸೆಗೆ ಕೂತು ಹಾಡ್ಯಾಡಿಕೊಂಡು ಅಳುತ್ತಾರೆ. ಎದೆಯಲ್ಲಿದ್ದದ್ದೆಲ್ಲ ಆ ಹಾಡಿನಲ್ಲಿ ಹೊರಗೆ ಬೀಳುತ್ತದೆ. ಅತ್ತೆಯ ಕಾಟ, ಗಂಡನ ಹೊಡೆತ, ಭಾವನ ಜಿಪುಣತನ, ಎಲ್ಲ. ಬೈಸಿಕೊಂಡವರು ಅಲ್ಲೇ ಕೂತು ಕೇಳುತ್ತಾರೆ, ಕೆಲವೊಮ್ಮೆ ಅವರೇ ಜಾಸ್ತಿ ಅಳುತ್ತಾರೆ. ಆದರೆ ಹೆಣ ಎತ್ತಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಬಾರದು. ಮರುದಿನ ಸೊಸೆ ಅದೇ ಮನೆಯಲ್ಲಿ ರೊಟ್ಟಿ ಬಡಿಯಬೇಕಲ್ಲ! ಹಾಗಾಗಿ ಅದು ಗಾಳಿಯಲ್ಲೇ ಹೋಗಬೇಕು. ನಮ್ಮ ಹಿರಿಯರು ಯಾರೂ ಇದನ್ನು ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿರಲಿಲ್ಲ.

ಮರೆವ್ವ ಅತ್ತಳು. “ಎರಡ ತುತ್ತು ತಾ ತಿಂದು ಮೂರನೇದ್ದು ಬೆಕ್ಕಿಗಿ ಹಾಕಾಂವ ನನ್ನಪ್ಪಾ, ಇನ್ನ ಬೆಕ್ಕಿಗಿ ಏನ ಹೇಳಲೋ ನನ್ನಪ್ಪಾ! ನಿಮ್ಮ ದೊಡ್ಡಪ್ಪನ ಎತ್ತು ದಣದಾವಂತ, ನಡಕೊಂತ ಹ್ಯಾಂಗ ಹೋಗ್ತೀಯೋ ನನ್ನಪ್ಪಾ!” ಹುಲ್ಲಪ್ಪ ಕಂಬಕ್ಕೆ ತಲೆ ಬಡಿದುಕೊಂಡು ಅಳುತ್ತಿದ್ದ. ನೀಲಪ್ಪನ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಆದರೆ ಅವನ ಕೈ ಪೆಟ್ಟಿಗೆಯ ಗುಂಡಿಯ ಮೇಲಿತ್ತು. ನಾನು ನೋಡಿದೆ, ಸುಮ್ಮನಿದ್ದೆ.

ಆ ಟೇಪನ್ನು ಮೂರು ತಿಂಗಳು ಅವನು ಯಾರಿಗೂ ಕೇಳಿಸಲಿಲ್ಲ. ಆಮೇಲೊಮ್ಮೆ ಬಾಗಲಕೋಟೆಯ ಕ್ಯಾಸೆಟ್ ವ್ಯಾಪಾರಿ ಜಾಫರಸಾಬ ಬಂದಾಗ ಹಾಕಿದ. ಯಾರ ಅಳು ಎಂದು ಹೇಳಲಿಲ್ಲ. ಮುದುಕ ಜಾಫರಸಾಬ ಟೋಪಿ ತೆಗೆದು ಕಣ್ಣೊರೆಸಿಕೊಂಡು, “ಇದನ್ನ ಮಾಡಪಾ. ಎಷ್ಟ ಮಾಡಿದ್ರೂ ನಾ ತಗೋತೀನಿ” ಎಂದರು. ಮರುದಿನವೇ ನೀಲಪ್ಪ ನನ್ನ ಪ್ರೆಸ್ಸಿನಲ್ಲಿ ಹಾಜರು.

“ಅಂದಪ್ಪಣ್ಣಾ, ‘ಅವ್ವನ ಅಳು’ ಅಂತ ಚೀಟಿ ಹೊಡಿ. ಹತ್ತ ಸಾವಿರ.”

“ಅಕ್ಕಗ ಕೇಳೀಯೇನಲೇ?”

“ಆಕಿ ಹೆಸರ ಹಾಕಂಗಿಲ್ಲಣ್ಣಾ. ಆಕಿ ಮನ್ಯಾಗ ರೇಡಿಯೋನೂ ಇಲ್ಲ, ಎಲ್ಲಿ ಕೇಳ್ತಾಳ?”

ಹತ್ತು ಸಾವಿರ ಚೀಟಿ! ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಅಚ್ಚು ಹಾಕಿದೆ. ಥೂ ನನ್ನ.

ಆ ಕ್ಯಾಸೆಟ್ಟು ಹಬ್ಬಿದ್ದು ಹೇಗಂತೀರಿ! ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ಟೆಂಪೋದಲ್ಲಿ ಅದೇ, ಚಹಾದಂಗಡಿಯಲ್ಲಿ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ. ಹೆಂಗಸರು ಇಳಿಯುವ ಸ್ಟಾಪು ಮರೆತು ಅಳುತ್ತಿದ್ದರು. ವರ್ಷದೊಳಗೆ ನೀಲಪ್ಪ ಬುಲೆಟ್ ಗಾಡಿ ತಗೊಂಡ, ಎರಡನೇ ವರ್ಷಕ್ಕೆ ಈ ಮನೆ. ಸೊಲ್ಲಾಪುರದಿಂದ ಹಾಡುಗಾರರು ಅವನನ್ನು ಹುಡುಕಿಕೊಂಡು ಬರತೊಡಗಿದರು. ಊರ ಸಾವ್ಕಾರರು ಎದ್ದು ನಿಂತು “ಬರ್ರಿ ನೀಲಪ್ಪನವರ” ಅನ್ನತೊಡಗಿದರು.

ಕಮತಗಿಯ ಚಹಾದಂಗಡಿಗೂ ಅದು ಹೋಗದೆ ಇರುತ್ತದೆಯೇ? ದನಿ ಗುರುತು ಹಿಡಿಯಲು ಊರಿಗೆ ಎಷ್ಟು ಹೊತ್ತು ಬೇಕು? ಹುಲ್ಲಪ್ಪ ಸಂತೆಗೆ ಹೋದರೆ ಪಡ್ಡೆ ಹುಡುಗರು, “ಏನ್ ಹುಲ್ಲಪ್ಪಾ, ಎತ್ತಿನ ದಣಿವು ಆರಿತೇನು?” ಅಂತ ಕೂಗುತ್ತಿದ್ದರು. ಹೆಣದ ಮುಂದೆ ತಲೆಬಾಗಿ ಕೇಳಿಸಿಕೊಂಡಿದ್ದ ಮಾತನ್ನು ಈಗ ದಿನಾ ಬಸ್ಸಿನಲ್ಲಿ ಕೇಳಬೇಕಾಯಿತು. ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಕೊನೆಗೆ ಅವನು ಊಟ ಬಿಟ್ಟು ಕೂತ, “ಆಕಿ ಇರಬೇಕು, ಇಲ್ಲಾ ನಾ ಇರಬೇಕು” ಅಂದ. ಮರೆವ್ವನ ಗಂಡ ಅಣ್ಣನಿಗೆ ಎದುರಾಡದ ಮನುಷ್ಯ. ಒಂದು ಗಂಟು ಬಟ್ಟೆಯೊಂದಿಗೆ ಹೆಂಡತಿಯನ್ನು ತಂದು ಈ ಹೊಸ ಮನೆಯ ಮೆಟ್ಟಿಲ ಹತ್ತಿರ ಬಿಟ್ಟು ಹೋದ.

ಮರೆವ್ವ ಮೆಟ್ಟಿಲು ಹತ್ತಲಿಲ್ಲ. ನೀಲಪ್ಪ ಓಡಿಬಂದು ಕಾಲು ಹಿಡಿದ. ಆಕೆ ಬೈಯಲೂ ಇಲ್ಲ.

“ಅದನ್ನ ನಾ ನನ್ನ ಕೂಸಿಗಿ ಕೊಟ್ಟಿದ್ನೋ ತಮ್ಮಾ” ಅಂದಳು. “ಅದರ ಹೊರತು ನನ್ಹತ್ರ ಏನೂ ಇರಲಿಲ್ಲ ಕೊಡಾಕ.”

ಅಷ್ಟೇ. ನೇಕಾರರ ಓಣಿಯಲ್ಲಿ ಜೋಹರಾಬಿ ಎಂಬವಳ ಮನೆಯ ಹಿಂದಿನ ಕೋಣೆ ಬಾಡಿಗೆ ಹಿಡಿದಳು. ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕತೊಡಗಿದಳು. ನೀಲಪ್ಪ ಕಳಿಸಿದ ಜೋಳದ ಚೀಲ ವಾಪಸು ಬಂತು, ಸೀರೆ ವಾಪಸು ಬಂತು. ಅವನು ಮೂಲ ಟೇಪು ಸುಟ್ಟ. ಬುಲೆಟ್ ಹತ್ತಿ ಅಂಗಡಿ ಅಂಗಡಿ ತಿರುಗಿ ಕ್ಯಾಸೆಟ್ಟು ವಾಪಸು ಕೊಂಡು ತಂದ. ಆದರೆ ಅಷ್ಟರಲ್ಲಿ ಯಾರ್ಯಾರೋ ಕಾಪಿ ಹೊಡೆದು ಮಾರುತ್ತಿದ್ದರು, ಅದನ್ನು ಹಿಡಿಯುವುದು ಯಾರಪ್ಪನ ಕೈಲಾಗುತ್ತದೆ? ದಿನಾ ಮುಂಜಾನೆ ಜೋಹರಾಬಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. “ಒಂದ್ಸಲ ಬೈದು ಹೋಗು ಅಂದ್ರ ಸಾಕಣ್ಣಾ, ನಾ ಬದುಕ್ತೇನಿ” ಅಂತ ನನ್ನ ಮುಂದೆ ಚಿಕ್ಕ ಮಕ್ಕಳ ಹಾಗೆ ಅತ್ತಿದ್ದಾನೆ. ಆಕೆ ನೂಲಿನಿಂದ ತಲೆ ಎತ್ತುತ್ತಿರಲಿಲ್ಲ. ಎರಡು ವರ್ಷ ಹೀಗೇ ಹೋಯಿತು.

ಹೋದ ವರ್ಷ, ಎಂಬತ್ತೆಂಟರ ಕಾರ್ತಿಕದಲ್ಲಿ, ಅವರ ತಾಯಿ ತಾಯವ್ವ ಈ ಮನೆಯಲ್ಲೇ ತೀರಿಕೊಂಡಳು. ಆಗ ಮರೆವ್ವ ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ಹೆಂಗಸರೆಲ್ಲ ಸರಿದು ತಲೆದೆಸೆಯಲ್ಲಿ ಜಾಗ ಬಿಟ್ಟರು. ಹಿರೇಮಗಳು ಶುರು ಮಾಡಬೇಕು, ಉಳಿದವರು ಅವಳ ಹಿಂದೆ ದನಿಗೂಡಿಸಬೇಕು, ಅದು ಪದ್ಧತಿ. ಮರೆವ್ವ ಬಾಯಿ ತೆರೆಯಲಿಲ್ಲ. ಹೊತ್ತು ಏರಿತು. ಹೊರಗೆ ಗಂಡಸರು ಚಟ್ಟ ಕಟ್ಟಿ ಮುಗಿಸಿದರು.

ನೀಲಪ್ಪ ಮಂಡಿಯೂರಿ ಕೂತ. “ಅಕ್ಕಾ, ನನಗ ಬ್ಯಾಡ, ಅವ್ವಗ ಒಂದ ಮಾತ ಆಡಿ ಅಳವಾ. ಹಿಂಗ ಮೂಕಿ ಹಂಗ ಹೋಗಬಾರದು ಆಕಿ.”

ಮರೆವ್ವ ಅವನ ಹೆಗಲು ನೋಡಿದಳು, ಕೈ ನೋಡಿದಳು, ಹಿಂದಿನ ಗೋಡೆಯ ಗೂಡು ನೋಡಿದಳು. ಸಿಟ್ಟಿಲ್ಲದೆ ಮೆಲ್ಲಗೆ ಕೇಳಿದಳು:

“ಪೆಟ್ಟಿಗಿ ಎಲ್ಲಿಟ್ಟೀಯೋ ತಮ್ಮಾ?”

“ಇಲ್ಲಕ್ಕಾ! ಅವ್ವನಾಣಿ ಇಲ್ಲ!” ಅಂತ ನೀಲಪ್ಪ ಎದ್ದು ಕಪಾಟುಗಳನ್ನೆಲ್ಲ ತೆರೆದು ತೋರಿಸತೊಡಗಿದ. ಹಾಸಿಗೆ ಕೊಡವಿದ. ಅಂಗಿ ಬಿಚ್ಚಿ ಒಗೆದ. ಸುತ್ತ ಕೂತ ಹೆಂಗಸರು ಒಬ್ಬೊಬ್ಬರೇ ಸೆರಗು ಬಾಯಿಗೆ ಒತ್ತಿಕೊಂಡರು. ಯಾರಿಗೂ ಅವನ ಮೇಲೆ ನಂಬಿಕೆಯಿರಲಿಲ್ಲ.

ಆಗ ಮರೆವ್ವ ಬಾಗಿ, ತಾಯಿಯ ಮುಖವನ್ನೂ ತನ್ನ ಮುಖವನ್ನೂ ಒಂದೇ ಸೆರಗಿನಲ್ಲಿ ಮುಚ್ಚಿಕೊಂಡು, ಆಕೆಯ ಕಿವಿಗೆ ಬಾಯಿ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ಸೆರಗು ಅಲ್ಲಾಡುತ್ತಿದ್ದದ್ದು ಮಾತ್ರ ನಮಗೆ ಕಾಣುತ್ತಿತ್ತು. ಬರಿಮೈಯಲ್ಲಿ ನಾಲ್ಕು ಮೊಳ ದೂರ ನಿಂತಿದ್ದ ನೀಲಪ್ಪನಿಗೆ, ತನ್ನ ಹೆತ್ತವ್ವನಿಗಾಗಿ ಅಕ್ಕ ಅತ್ತ ಆ ಅಳುವಿನ ಒಂದಕ್ಷರವೂ ಕೇಳಿಸಲಿಲ್ಲ.