ಅಕ್ಕೋರು ಬಿಟ್ಟ ಬಿಸಿಲು

ನರ್ಸರಿಯಿಂದ ತಂದ ಸಸಿಯ ಬುಡದ ಮಣ್ಣಿಗೆ ಒಂದು ವಾಸನೆ ಇರುತ್ತದೆ. ಗೊಬ್ಬರ, ಒದ್ದೆ ತೆಂಗಿನ ನಾರು, ಸ್ವಲ್ಪ ಔಷಧಿ... ನಿನ್ನೆ ಸಂಜೆಯಿಂದ ನಮ್ಮ ಜಗಲಿ ತುಂಬ ಅದೇ ವಾಸನೆ. ಒಣಮೀನಿನ ಬುಟ್ಟಿಗಳ ಪಕ್ಕದಲ್ಲಿ ಒಂದು ಮಾವಿನ ಸಸಿ ಗೋಡೆಗೆ ಒರಗಿ ನಿಂತಿದೆ. ಫೋಟೋ ತೆಗೆಸಿಕೊಂಡವರು ಹರಿದು ಎಸೆದು ಹೋದ ಪ್ಲಾಸ್ಟಿಕ್ ಚೀಲದಲ್ಲೇ ಅದನ್ನು ಮತ್ತೆ ಕೂರಿಸಿದ್ದೇನೆ. ನೆಟ್ಟವರು ಬೆನ್ನು ತಿರುಗಿಸಿದ ಕೂಡಲೇ ಎಲ್ಲರೂ ನೋಡುತ್ತಿದ್ದಂತೆ ಅದನ್ನು ಕಿತ್ತು ತಂದವಳು ನಾನೇ.

ಅದು ಅಕ್ಕೋರ ನೆನಪಿಗೆ ನೆಟ್ಟ ಸಸಿ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ತದಡಿ ಬಂದರಿನ ಈಚೆಗಿರುವ ನಮ್ಮ ಕೇರಿಯಲ್ಲಿ ಬರೀ ಅಕ್ಕೋರು ಅಂದರೆ ಅವರೊಬ್ಬರೇ. ‘ಸತ್ತ ಮೇಲೂ ಇವಳು ಹಗೆ ಬಿಡಲಿಲ್ಲ’ ಎಂದು ನಿನ್ನೆಯಿಂದ ಕೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಹಗೆ ಇದ್ದದ್ದು ಸುಳ್ಳಲ್ಲ. ಸತ್ತವರ ಕಣ್ಣು ದೊಡ್ಡದು ಅಂತಾರಲ್ಲ, ಹಾಗೆ ಇಲ್ಲದ ಪ್ರೀತಿಯನ್ನು ಈಗ ಹುಟ್ಟಿಸಿಕೊಂಡು ಅಳಲು ನನ್ನಿಂದಾಗದು.

ನಾನು ಅವರನ್ನು ಮೊದಲು ದ್ವೇಷಿಸಿದ್ದು ನಾಲ್ಕನೇ ಇಯತ್ತೆಯಲ್ಲಿ. ಬೆಳಿಗ್ಗೆ ಅವ್ವಿಯ ಜೊತೆ ಬಯಲಿನಲ್ಲಿ ಮೀನು ಹರಡಿಯೇ ನಾನು ಶಾಲೆಗೆ ಹೋಗುತ್ತಿದ್ದೆ. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಅಕ್ಕೋರು ಮೀನು ತಿನ್ನುವವರಲ್ಲ. ಒಂದು ದಿನ ನನ್ನ ಪಾಟಿ ನೋಡಲು ಬಗ್ಗಿದವರು ಸೆರಗನ್ನು ಮೂಗಿಗೆ ಹಿಡಿದು, “ನೀ ಆ ಕಿಟಕಿ ಬದಿಗೆ ಕೂತ್ಕೋ” ಅಂದರು. ಉಳಿದ ಮಕ್ಕಳು ನಕ್ಕರು. ವರ್ಷ ಮುಗಿಯುವವರೆಗೂ ನನ್ನ ಜಾಗ ಕಿಟಕಿಯ ಬದಿಗೇ ಆಯಿತು. ಅವರು ಚೆನ್ನಾಗಿ ಕಲಿಸುತ್ತಿದ್ದರು, ಅದನ್ನೂ ಹೇಳಿಬಿಡಬೇಕು. ಅಂಗಳದಲ್ಲಿ ಕೋಲು ನೆಟ್ಟು, ಅದರ ನೆರಳು ತೋರಿಸಿ, ಸೂರ್ಯ ತೆಂಕಕ್ಕೆ ಹೋಗುವುದು ಬಡಗಕ್ಕೆ ಬರುವುದು ಹೇಗೆಂದು ಹೇಳಿಕೊಟ್ಟದ್ದು ಇವತ್ತಿಗೂ ಮರೆತಿಲ್ಲ. ಆದರೆ ಕಲಿಸಿದ್ದು ಬೇರೆ, ಮೂಗು ಮುಚ್ಚಿಕೊಂಡದ್ದು ಬೇರೆ.

ನಿವೃತ್ತಿಯಾದ ಮೇಲೆ ಕುಮಟೆಗೋ ಹೊನ್ನಾವರಕ್ಕೋ ಹೋಗಿ ಸುಖವಾಗಿ ಇರಬಹುದಿತ್ತು. ಹೋಗಲಿಲ್ಲ. ನಮ್ಮ ಕೇರಿಯ ತುದಿಯಲ್ಲಿ, ಬಯಲಿಗೆ ಮುಖ ಮಾಡಿ ಮನೆ ಕಟ್ಟಿಸಿದರು. ಆ ಬಯಲು ಕಾಗದದಲ್ಲಿ ಸರ್ಕಾರದ ಖುಲ್ಲಾ ಜಾಗ. ನಮಗೆ ಅದು ಮೀನಿನ ಬಯಲು. ಮಳೆ ನಿಂತ ಕೂಡಲೇ ಹೆಂಗಸರು ಅಲ್ಲಿ ಹಳೆ ಬಲೆ ಹಾಸಿ ತಾರ್ಲೆ, ಬಂಗಡೆ, ಸಿಗಡಿ ಒಣಹಾಕುತ್ತಿದ್ದರು, ಮತ್ತೆ ಮಳೆ ಬರುವವರೆಗೂ ಅದೇ ಕೆಲಸ. ಒಂದು ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತರೆ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ. ನಮ್ಮ ಮನೆಯ ಒಲೆ, ನನ್ನ ಓದು, ಸೊಂಟ ಮುರಿದು ಮೂಲೆ ಹಿಡಿದ ಅಪ್ಪನ ಔಷಧಿ ಎಲ್ಲವೂ ಆ ಬಯಲಿನ ಬಿಸಿಲಿನಿಂದ ಬಂದದ್ದು. ನಾನೂ ಪಿಯುಸಿ ಮುಗಿಸಿ, ಕೆಲಸ ಹುಡುಕಿ ಸಾಕಾಗಿ, ಕೊನೆಗೆ ಅವ್ವಿಯ ಬುಟ್ಟಿಯನ್ನೇ ತಲೆಯ ಮೇಲೆ ಇಟ್ಟುಕೊಂಡವಳು.

ಅದೇ ಬಯಲಿನಲ್ಲಿ ಅಕ್ಕೋರಿಗೆ ಕಂಡದ್ದು ಪಾರ್ಕು. ಪಂಚಾಯ್ತಿಯವರ ತಲೆ ತಿಂದು ಕಮಿಟಿ ಮಾಡಿಸಿ, ತಾವೇ ಅದರ ಯಜಮಾನಿಕೆ ಹಿಡಿದರು. ಕಾರಂಜಿ ಬೇಡ, ಹುಲ್ಲುಹಾಸು ಬೇಡ, ಬೋರ್‌ವೆಲ್ ಬೇಡ, ಸಿಮೆಂಟು ಬೇಡವೇ ಬೇಡ. ಚಿರೆಕಲ್ಲಿನ ಪುಡಿ ಹಾಕಿದ ದಾರಿ, ಮಳೆನೀರು ಇಂಗುವ ಗುಂಡಿ, ಉಪ್ಪುಗಾಳಿಗೆ ಹೆದರದ ಹೊನ್ನೆ ಮತ್ತು ಹೊಂಗೆ. ಮೊದಲ ಬೇಸಿಗೆಗಳಲ್ಲಿ ನೀರು ಹಾಕಿದರೆ ಸಾಕು, ಆಮೇಲೆ ಗಿಡ ತಾನೇ ಬದುಕಿಕೊಳ್ಳಬೇಕು, ಇಲ್ಲದಿದ್ದರೆ ಅದು ಪಾರ್ಕಲ್ಲ, ಸಾಕಿದ ದನ ಅನ್ನುತ್ತಿದ್ದರು. ಈಗ ಯೋಚಿಸಿದರೆ ಎಲ್ಲ ಸರಿಯೇ. ಆ ನಕ್ಷೆಯಲ್ಲಿ ಮರ ಇತ್ತು, ಹಕ್ಕಿ ಇತ್ತು, ಚಿಟ್ಟೆಗೂ ಒಂದು ಮೂಲೆ ಇತ್ತು. ನಾವು ಮಾತ್ರ ಇರಲಿಲ್ಲ.

ಶಾಲೆಯಲ್ಲಿ ಸಭೆ ಕರೆದರು. ಅವರು ಗೋಡೆಗೆ ನಕ್ಷೆ ಅಂಟಿಸಿ, ಖುಲ್ಲಾ ಜಾಗ ಸುಮ್ಮನೆ ಹಾಳು ಬಿದ್ದಿದೆ ಎಂದು ಶುರು ಮಾಡುವಷ್ಟರಲ್ಲಿ ಅವ್ವಿ ಎದ್ದು ನಿಂತಳು.

“ಖುಲ್ಲಾ ಅಂತ ಯಾರು ಹೇಳದ್ದು ಅಕ್ಕೋರೆ? ನಾವು ದಿನಾ ಮೀನು ಹಾಕೂದು ನಿಮ್ಗೆ ಕಾಣೂದಿಲ್ವಾ?”

“ಕಾಣ್ತದೆ. ಮೂಗಿಗೂ ಹೊಡೀತದೆ. ಒಣಗ್ಸೂಕೆ ಬೇರೆ ಜಾಗ ನೋಡ್ಕೊಳ್ಳಿ.”

ಬೇರೆ ಜಾಗ! ಒಂದು ಬದಿಗೆ ಅಘನಾಶಿನಿ, ಒಂದು ಬದಿಗೆ ಬಂದರು, ಹಿಂದೆ ರಸ್ತೆ. ಇನ್ನುಳಿದದ್ದು ನಮ್ಮ ಮನೆಗಳ ಹಂಚಿನ ಮಾಡು. ಆ ದಿನ ಸಭೆಯಲ್ಲಿ ಯಾರ ಬಾಯಿಂದ ಎಂತೆಂಥ ಮಾತು ಬಂತೆಂದು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಕಡೆಯವರೂ ಏನೂ ಕಮ್ಮಿ ಆಡಲಿಲ್ಲ.

ಆಮೇಲೆ ನಡೆದದ್ದು ಹಾವು ಮುಂಗುಸಿ ಜಗಳ. ಅವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ನಾವು ಅದರ ಮೇಲೇ ಬಲೆ ಹಾಸುವುದು. ಅವರು ಸಸಿ ನೆಡುವುದು, ಬೆಳಗಾಗುವಾಗ ಆಡು ತಿಂದಿರುವುದು. ಆಡಿನ ಹಗ್ಗ ಬಿಚ್ಚಿದವರು ಯಾರೆಂದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಗೇಟಿನ ಮುಂದೆ ಮೀನಿನ ಕರುಳು ಬಿದ್ದಿತು. ಅವರು ಹೋಗಿ ದೂರು ಕೊಟ್ಟರು. ಒಂದು ಮಧ್ಯಾಹ್ನ ನಾವು ಊಟಕ್ಕೆಂದು ಮನೆಗೆ ಹೋದಾಗ ಆಳುಗಳನ್ನು ಕರೆಸಿ, ಮೀನಿನ ಸಮೇತ ನಮ್ಮ ಬಲೆ ಸುತ್ತಿಸಿ, ಗಟಾರದ ಬದಿಗೆ ರಾಶಿ ಹಾಕಿಸಿಬಿಟ್ಟರು. ಬಿಚ್ಚಿ ನೋಡಿದರೆ ಅರ್ಧ ಒಣಗಿದ ತಾರ್ಲೆ ಒಳಗೊಳಗೇ ಬೆಂದು ಹಾಳಾಗಿತ್ತು. ಅವ್ವಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮೀನು ಮೂಸಿ ನೋಡಿ ಬದಿಗೆ ಹಾಕುತ್ತಿದ್ದಳು...

ನನ್ನ ಮೈಯೆಲ್ಲ ಉರಿದುಹೋಯಿತು. ನೇರ ಹೋಗಿ ಅಕ್ಕೋರ ಬಾಗಿಲು ಬಡಿದೆ. ಬೈಯಲೆಂದೇ ಹೋದವಳು ನಾನು, ಬೈದದ್ದೂ ಹೌದು. ಆದರೆ ಬೈಗುಳದ ನಡುವೆ ನನಗೇ ಗೊತ್ತಿಲ್ಲದೆ ಇನ್ನೊಂದು ಮಾತು ಬಂತು.

“ಬಲೆ ಎತ್ತಿ ಬಿಸಾಡಿದ್ರೆ ನಾಳೆ ಮತ್ತೆ ಹಾಸ್ತೆ ಅಕ್ಕೋರೆ. ನಿಮ್ಮ ಗಿಡ ದೊಡ್ಡ ಆದ್ಮೇಲೆ ಎಂತ ಮಾಡೂದು? ನೆರಳು ಎತ್ತಿ ಬಿಸಾಡೂಕೆ ಆತದಾ?”

ಅವರು ಎರಡೂ ಕೈಯಲ್ಲಿ ಬಾಗಿಲು ಹಿಡಿದು ನನ್ನನ್ನೇ ನೋಡಿದರು. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಬಯಲಿಗೆ ಹೋದರೆ ಅಕ್ಕೋರು ಆಗಲೇ ಬಂದಿದ್ದರು. ನಟ್ಟನಡುವೆ ಒಂದು ಉದ್ದ ಕೋಲು ನೆಟ್ಟು, ಕೊಡೆ ಬಿಡಿಸಿಕೊಂಡು, ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಮೂಗಿಗೆ ಸೆರಗು ಇದ್ದೇ ಇತ್ತು. ಕೋಲಿನ ನೆರಳು ಸರಿದ ಹಾಗೆಲ್ಲ ಎದ್ದು ಹೋಗಿ ಅದರ ತುದಿಗೊಂದು ಕಲ್ಲು ಇಡುವುದು, ಮತ್ತೆ ಬಂದು ಕೂರುವುದು. ನಾವು ಬೇಕೆಂದೇ ಅವರ ಗಾಳಿಗೆ ಬರುವ ಹಾಗೆ ಹಸಿ ಮೀನು ಹರಡಿದೆವು. ಹೆಂಗಸರು ಒಬ್ಬರಿಗೊಬ್ಬರು ಚಿವುಟಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ, ಆ ಕೋಲು ನನಗೆ ಗೊತ್ತಿತ್ತು. ಸಂಜೆಯವರೆಗೂ ಅವರು ಬಯಲು ಬಿಟ್ಟು ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಬಂದು ಕೂತರು, ಚಳಿಯಲ್ಲೂ ಬಂದರು, ಹೋಳಿ ಹುಣ್ಣಿಮೆಯ ಹೊತ್ತಿಗೂ ಬಂದರು. ಅಷ್ಟರವರೆಗೆ ಒಂದೇ ಒಂದು ಸಸಿ ನೆಡಲಿಲ್ಲ.

ಬೇಸಿಗೆಯ ಕೊನೆಗೆ ಬಯಲಿನಲ್ಲಿ ಹೊಸ ಸುಣ್ಣದ ಗೆರೆ ಬಿದ್ದಿತು. ಮರ ನೆಡುವ ಗುರುತುಗಳೆಲ್ಲ ಬಡಗು ಬದಿಗೆ ಸಾಲಾಗಿ ಹೋಗಿದ್ದವು. ನಾವು ಮೀನು ಒಣಗಿಸುವ ಹೆಚ್ಚಿನ ತಿಂಗಳುಗಳಲ್ಲಿ ಸೂರ್ಯ ತೆಂಕಕ್ಕೆ ವಾಲುತ್ತಾನೆ, ಮರದ ನೆರಳು ಬಡಗಕ್ಕೆ, ಅಂದರೆ ದಾರಿಯ ಮೇಲೆ ಬೀಳುತ್ತದೆ. ಸಮುದ್ರದ ಗಾಳಿ ಬರುವ ಕಡೆ ನೆಲಕ್ಕೆ ಹರಡುವ ಬಳ್ಳಿ ಮಾತ್ರ. ನಡುವಿನ ಅಷ್ಟೂ ಜಾಗ ಖಾಲಿ. ಪಾರ್ಕಿನ ಹೊಟ್ಟೆಯಲ್ಲಿ ನಮ್ಮ ಬಿಸಿಲನ್ನು ಹಾಗೇ ಬಿಟ್ಟಿದ್ದರು.

ಅವ್ವಿಗೆ ನಾನು ಗೆರೆಗಳನ್ನು ವಿವರಿಸಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಅಕ್ಕೋರ ಹತ್ತಿರ ಹೋಗಿ, “ದೊಡ್ಡ ಉಪಕಾರ ಆತು ಅಕ್ಕೋರೆ” ಅಂದಳು.

“ನಿಮ್ಮ ಉಪಕಾರಕ್ಕೆ ಮಾಡದ್ದಲ್ಲ. ತಪ್ಪು ನಕ್ಷೆ ನಂಗೆ ಆಗೂದಿಲ್ಲ, ಅಷ್ಟೇ. ಮೀನಿನ ಹುರುಪೆ ದಾರಿಗೆ ಬಿದ್ರೆ ನೋಡಿ ಮತ್ತೆ!”

ಅವ್ವಿಯ ಮುಖ ಸಪ್ಪಗಾಯಿತು. ಒಂದು ಒಳ್ಳೆಯ ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮಾಡುವುದನ್ನು ಮಾಡಿ ಕೊನೆಗೊಂದು ಬರೆ ಹಾಕದಿದ್ದರೆ ಆ ಹೆಂಗಸಿಗೆ ಸಮಾಧಾನವೇ ಇರಲಿಲ್ಲ.

ಪಾರ್ಕು ಆಯಿತು, ಗಿಡ ಎದ್ದವು. ಜಗಳ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ನಾನು ಬಲೆಗೆ ಅಂಟಿದ ಮೀನಿನ ಪೊರೆ ಕೊಡವಿದ ಕೂಡಲೇ ಅವರ ಕಿಟಕಿ ತೆರೆಯುತ್ತಿತ್ತು. “ಏ, ಹುರುಪೆ!” ಎಂದು ಅಲ್ಲಿಂದಲೇ ಕೂಗುತ್ತಿದ್ದರು. “ಕಣ್ಣಿಗೆ ಬಿದ್ರೆ ಗುಡಿಸ್ತೆ, ನೀವು ಚಾ ಕುಡೀರಿ” ಎಂದು ನಾನೂ ಕೂಗುತ್ತಿದ್ದೆ. ಇಲ್ಲವಾದರೆ ಇನ್ನೂ ಕೆಟ್ಟದ್ದೇನಾದರೂ. ನಾಲ್ಕನೇ ಇಯತ್ತೆಯ ಕಿಟಕಿಯ ಸಾಲವನ್ನು ಅವರ ಕಿಟಕಿಗೆ ಹೀಗೆ ತೀರಿಸುತ್ತಿದ್ದೆ ಅಂದುಕೊಳ್ಳಿ.

ಕಮಿಟಿಗೆ ಹೊಸಬರು ಬಂದ ಹಾಗೆ ನಡುವಿನ ಖಾಲಿ ಜಾಗ ಅವರ ಕಣ್ಣು ಕುಕ್ಕತೊಡಗಿತು. ಒಬ್ಬರಿಗೆ ಅಲ್ಲಿ ಕಾರಂಜಿ ಬೇಕಾಯಿತು, ಇನ್ನೊಬ್ಬರಿಗೆ ಹುಲ್ಲುಹಾಸು, ಮತ್ತೊಬ್ಬರಿಗೆ ಸಿಮೆಂಟಿನ ಜಿಂಕೆ. ಅಕ್ಕೋರು ಕೋಲೂರಿಕೊಂಡು ಬಂದು ನಡುವಿನಲ್ಲಿ ನಿಂತು, ನಮ್ಮ ಮೈ ಸುಲಿದ ಅದೇ ನಾಲಿಗೆಯಿಂದ ಅವರ ಮೈ ಸುಲಿದು ಕಳಿಸುತ್ತಿದ್ದರು. ನಾವು ಮೀನು ಮಗುಚಿ ಹಾಕುತ್ತಾ ಕೇಳಿ ಖುಷಿಪಡುತ್ತಿದ್ದೆವು. ಅವರು ಇರುವವರೆಗೂ ಆ ನೆಲಕ್ಕೆ ಒಂದು ಗುದ್ದಲಿ ಬೀಳಲಿಲ್ಲ.

ಈ ಮಳೆಗಾಲದಲ್ಲಿ ಹೋದರು. ಕೊನೆಯ ದಿನಗಳಲ್ಲಿ ಕಿಟಕಿ ಮುಚ್ಚಿಯೇ ಇರುತ್ತಿತ್ತು. ನಾನು ನೋಡಲು ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಹೋಗಿದ್ದರೆ ಇಬ್ಬರೂ ಎಂತ ಮಾತಾಡುತ್ತಿದ್ದೆವೋ...

ನಿನ್ನೆ ಅವರ ನೆನಪಿನ ಕಾರ್ಯಕ್ರಮ. ಶಾಮಿಯಾನ, ಹಾರ ಹಾಕಿದ ಫೋಟೋ, ಮೈಕು. ಅವರ ಬಾಯಿಗೆ ಹೆದರಿ ಪಾರ್ಕಿನ ಹತ್ತಿರವೇ ಸುಳಿಯದಿದ್ದವರು ಕಣ್ಣೊರೆಸಿಕೊಂಡರು. ಮುಖ್ಯ ಅತಿಥಿಗಳು, ಅಕ್ಕೋರು ಈ ಊರಿಗೇ ನೆರಳಾಗಿದ್ದರು ಅಂದರು. ಆಮೇಲೆ ಎಲ್ಲರೂ ಒಂದು ಮಾವಿನ ಸಸಿ ಹಿಡಿದುಕೊಂಡು ಎದ್ದು ನೇರ ನಡುವಿಗೆ ಬಂದರು. ಗುಂಡಿ ಮೊದಲೇ ತೋಡಿ ಇಟ್ಟಿದ್ದರು. ನಾನು ಎದುರು ನಿಂತು, ಇಲ್ಲಿ ಬೇಡ, ಅಕ್ಕೋರೇ ಈ ಜಾಗ ಬಿಸಿಲಿಗೆ ಬಿಟ್ಟದ್ದು, ಬಡಗು ಸಾಲಿನಲ್ಲಿ ನೆಡಿ ಎಂದು ಹೇಳಿದೆ. “ಒಂದು ಮರ ಅಲ್ವಾ ತಾಯಿ” ಎಂದು ಅತಿಥಿಗಳು ನಕ್ಕು, ನನ್ನನ್ನು ದಾಟಿ ಮುಂದೆ ಹೋದರು. ನೆಟ್ಟರು, ಚಪ್ಪಾಳೆ ಹೊಡೆದರು, ಚಾ ಕುಡಿಯಲು ಶಾಮಿಯಾನದ ಕಡೆ ಹೊರಟರು. ನಾನು ಸಸಿ ಕಿತ್ತೆ. ಬೇರು ಹರಿಯದ ಹಾಗೆ ನಿಧಾನವಾಗಿಯೇ ಕಿತ್ತೆ.

ಮನೆಗೆ ತಂದಾಗ ಅವ್ವಿ ಮಂದಗಣ್ಣಿನಲ್ಲಿ ಎಲೆ ಮುಟ್ಟಿ ನೋಡಿ, “ಎಲ್ಲಿ ನೆಟ್ಟಿದ್ರು?” ಎಂದು ಕೇಳಿದಳು. ನಡುವಿಗೆ ಅಂದೆ. “ಆತು ಬಿಡು” ಅಂದಳು. ಸಾಲಿನ ತುದಿಯಲ್ಲಿ ಒಂದು ಹೊಂಗೆ ಹೋದ ಜಾಗ ಇದೆ, ಇವತ್ತು ಸಂಜೆ ಇದನ್ನು ಅಲ್ಲಿ ಇಡುತ್ತೇನೆ.

ಬೆಳಿಗ್ಗೆ ಆ ಗುಂಡಿ ಮುಚ್ಚಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಅದರ ಮೇಲೆ ಬಲೆ ಹಾಸಿ ಬಂಗಡೆ ಹರಡಿದೆ. ಬಿಸಿಲು ಒಳ್ಳೆಯದಿತ್ತು. ಹಳೆ ಬಲೆಯೊಂದನ್ನು ಬೇಕೆಂದೇ ದಾರಿಯ ಕಡೆ ಕೊಡವಿದೆ. ಚಿರೆಕಲ್ಲಿನ ಕೆಂಪು ಪುಡಿಯ ಮೇಲೆ ಹುರುಪೆ ಬಿದ್ದು ಹೊಳೆಯಿತು. ಸೊಂಟಕ್ಕೆ ಕೈ ಇಟ್ಟುಕೊಂಡು ಅಕ್ಕೋರ ಕಿಟಕಿಯನ್ನು ನೋಡುತ್ತಾ ನಿಂತೆ. ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಆಮೇಲೆ ಹೋಗಿ ಹಿಡಿಸೂಡಿ ತಂದು, ಹುರುಪೆಯನ್ನೆಲ್ಲ ನಾನೇ ಗುಡಿಸಿದೆ.